ಅಪ್ಪ ಏನು ಮಾಡುತ್ತಾರೆ ಎಂಬ ಪಾಠ ಆ ಪುಸ್ತಕದಲ್ಲಿರಲಿಲ್ಲ

ಹೊಸದಾಗಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ಶುರುಮಾಡುವವರು ನನಗೆ ಫೋನು ಮಾಡಿ ಮೊದಲು ಕೇಳುವುದೇ 'ಮೇಡಂ, ಯಾವ ಪುಸ್ತಕ ತರಿಸಲಿ?' ಎಂದು. ಪುಸ್ತಕದ ಮಾತು ಆಮೇಲೆ, ಮೊದಲು ಯಾರ ಒಪ್ಪಂದಕ್ಕೂ ಓದದೆ ಸಹಿ ಹಾಕಬೇಡಿ ಅನ್ನುತ್ತೇನೆ. ನಮ್ಮಲ್ಲಿ ಸಹಿ ಹಾಕಿದ್ದು ನಾನಲ್ಲ, ನಮ್ಮ ಭಾವ. ಮದ್ದೂರಿನ ಕೊಠಡಿ ಅವರ ಹೆಸರಿನಲ್ಲಿತ್ತು, ಹಾಗಾಗಿ ಸಹಿಯೂ ಅವರದೇ ಬೇಕಾಯಿತು.

ಯೋಜನೆ ಯಾವುದು, ಕಚೇರಿ ಯಾವುದು ಎಂದು ಹೇಳುವುದಿಲ್ಲ. ಡಿಗ್ರಿ ಮುಗಿಸಿ ಕೆಲಸ ಹುಡುಕುವವರಿಗೆ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಉಚಿತ ತರಗತಿ. ಪಾಠ ನನ್ನದು, ಹಣ ಕಚೇರಿಯದು, ಅದೂ ಕಂತಿನಲ್ಲಿ. ಜೊತೆಗೆ ಒಂದು ಕಿಟ್ಟು: ಬಣ್ಣದ ಪುಸ್ತಕ, ಪೆನ್‌ಡ್ರೈವು, ಗೋಡೆಗೆ ಅಂಟಿಸುವ ಚಾರ್ಟು. ಕಿಟ್ಟಿನಲ್ಲಿ ಇಲ್ಲದ ಯಾವ ಸಾಮಗ್ರಿಯನ್ನೂ ಬಳಸುವಂತಿಲ್ಲ ಎಂದು ಒಪ್ಪಂದದ ಕೊನೆಯಲ್ಲಿ ಸಣ್ಣಕ್ಷರದ ಒಂದು ಸಾಲು. ನಾನು ತಕರಾರು ತೆಗೆದರೆ ಭಾವ, 'ನಾವೆಲ್ಲ ರಾಪಿಡೆಕ್ಸ್ ಒಂದನ್ನೇ ಇಟ್ಕೊಂಡು ಕಲೀಲಿಲ್ವಾ, ನಿಂದೊಳ್ಳೆ ಕತೆ' ಅಂದರು. ಕಪಿಲ್ ದೇವ್ ಜಾಹೀರಾತು ನೋಡಿ ಕೊಂಡ ಆ ಪುಸ್ತಕ ಇವತ್ತಿಗೂ ಅವರ ಬೀರುವಿನಲ್ಲಿದೆ. ಅವರ ಬಾಯಲ್ಲಿ ಇಂಗ್ಲಿಷ್ ಮಾತ್ರ ಯಾರೂ ಕೇಳಿದ್ದಿಲ್ಲ.

ಕಿಟ್ಟಿನ ಪುಸ್ತಕದಲ್ಲಿ ಮೊದಲ ಪಾಠ ವಿಮಾನ ನಿಲ್ದಾಣ, ಎರಡನೆಯದು ಲಂಡನ್ನಿನ ಹೋಟೆಲಿನಲ್ಲಿ ರೂಮು ಹಿಡಿಯುವುದು. ಮೂರನೆಯದರಲ್ಲಿ ಒಬ್ಬಾತ ಸ್ಟೇಕ್ ಎಷ್ಟು ಬೇಯಬೇಕೆಂದು ಮಾಣಿಯ ಜೊತೆ ಚರ್ಚೆಗಿಳಿಯುತ್ತಾನೆ. ನನ್ನ ಮುಂದೆ ಕೂತಿದ್ದವರು ಗಾರ್ಮೆಂಟ್ಸಿನ ಸೂಪರ್‌ವೈಸರ್ ಕೆಲಸಕ್ಕೆ, ಆಸ್ಪತ್ರೆಯ ರಿಸೆಪ್ಷನ್ನಿಗೆ, ಬೆಂಗಳೂರಿನ ಕಾಲ್ ಸೆಂಟರಿಗೆ ಅರ್ಜಿ ಹಾಕಿದವರು. ಇವರಿಗೆ ಇಂಗ್ಲಿಷೇ ಬರುವುದಿಲ್ಲ ಅಂದುಕೊಳ್ಳಬೇಡಿ. ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಯಿತಲ್ಲ, ಆ ಕಾಲದ ಮಕ್ಕಳು ಇವರು. ಲೀವ್ ಲೆಟರು ಬರೆಯುತ್ತಾರೆ, ಪ್ಯಾಸಿವ್ ವಾಯ್ಸಿಗೆ ತಿರುಗಿಸುತ್ತಾರೆ. ಪರೀಕ್ಷೆಯಲ್ಲಿ ಕೇಳಿದ್ದೆಲ್ಲ ಬರವಣಿಗೆ, ಬಾಯಿ ತೆರೆಸಿದವರು ಯಾರೂ ಇಲ್ಲ. 'ಗೊತ್ತೈತೆ ಕಣ್ ಮೇಡಂ, ಬಾಯಿಗೆ ಬತ್ತಿಲ್ಲ' ಅನ್ನುವವರೇ ಎಲ್ಲ.

ಮೌಲ್ಯಮಾಪನದ ತಂಡ ಮಳವಳ್ಳಿಗೆ ಬಂತು. ಗೊಬ್ಬರದಂಗಡಿಯ ಮೇಲಿನ ಕೊಠಡಿ. ಬೆಳಿಗ್ಗೆಯೇ ಬರುತ್ತೇವೆಂದವರು ಬಂದಿದ್ದು ಊಟದ ಹೊತ್ತಿಗೆ. ಕರೆಂಟು ಹೋಗಿತ್ತು. ಕಿಟ್ಟಿನ ಎರಡನೇ ಪಾಠವನ್ನು ಆಡಿ ತೋರಿಸಬೇಕೆಂದು ಅವರ ಪಟ್ಟಿಯಲ್ಲೇ ಬರೆದಿತ್ತು. ಕಿರುಗಾವಲಿನ ಹುಡುಗ ಹೋಟೆಲಿನ ರಿಸೆಪ್ಷನಿಸ್ಟ್, ಹಲಗೂರು ಕಡೆಯ ಹುಡುಗಿ ರೂಮು ಕೇಳಿ ಬಂದ ಪ್ರಯಾಣಿಕಳು. ಅವಳ ನೆನಪಿನ ಶಕ್ತಿ ಭಾರಿ, ಎರಡೂ ಪಾತ್ರದ ಮಾತು ಅವಳಿಗೆ ಬಾಯಿಪಾಠವಾಗಿತ್ತು. ಇಬ್ಬರೂ ಒಂದಕ್ಷರ ತಪ್ಪದೆ ಒಪ್ಪಿಸಿದರು. ತಂಡದವರು ಚಪ್ಪಾಳೆ ತಟ್ಟಿದರು.

ಅಷ್ಟಕ್ಕೆ ಎದ್ದು ಹೋಗಬಹುದಿತ್ತು. ತಂಡದ ಸಾಹೇಬರಿಗೆ ಉಮೇದು ಬಂತು. 'ವೆರಿ ಗುಡ್. ವಾಟ್ ಡಸ್ ಯುವರ್ ಫಾದರ್ ಡು?' ಅಂದರು.

ಹುಡುಗಿ ನಗುಮುಖದಿಂದ, 'ಎ ಡಬಲ್ ರೂಮ್ ವಿತ್ ಬಾತ್, ಪ್ಲೀಸ್' ಅಂದಳು.

ಮೊದಲು ನಕ್ಕವರು ಸಾಹೇಬರೇ, ಹಿಂದೆಯೇ ಅವರ ಜೊತೆಯವರು. ತನ್ನ ಉಚ್ಚಾರ ಕೇಳಿಸಲಿಲ್ಲವೇನೋ ಎಂದು ಅವಳು ಇನ್ನೂ ಸ್ಪಷ್ಟವಾಗಿ ಅದನ್ನೇ ಹೇಳಿದಳು. ಸಾಹೇಬರು ಕಿವುಡರೊಡನೆ ಮಾತಾಡುವವರಂತೆ ಒಂದೊಂದೇ ಪದ ಬಿಡಿಸಿ, 'ಯುವರ್... ಫಾದರ್...' ಅಂದರು. ಅವಳು 'ಟೂ ನೈಟ್ಸ್' ಅಂದಳು. ಈ ಸಲ ಬೆಂಚಿನ ಹುಡುಗರೂ ನಕ್ಕುಬಿಟ್ಟರು. ಆಗ ಅವಳಿಗೆ ಗೊತ್ತಾಯಿತು. ನನ್ನ ಕಡೆ ತಿರುಗಿದಳು. ನಾನು ಕನ್ನಡದಲ್ಲಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಮೆಟ್ಟಿಲು ಇಳಿದಾಗಿತ್ತು, ಬ್ಯಾಗು ಬೆಂಚಿನ ಮೇಲೇ ಉಳಿಯಿತು.

'ಏನ್ ಮೇಡಂ, ಅಪ್ಪ ಏನ್ ಮಾಡ್ತಾನೆ ಅಂತ ಹೇಳಕ್ಕೂ ಬರಲ್ವಲ್ರೀ ನಿಮ್ ಹುಡುಗೀಗೆ' ಅಂದರು ಸಾಹೇಬರು. 'ನೀವು ಕೊಟ್ಟ ಪುಸ್ತಕದಲ್ಲಿ ಯಾರ ಅಪ್ಪನೂ ಇಲ್ಲ ಸಾರ್' ಅಂದೆ. ಇದನ್ನು ಧೈರ್ಯ ಅಂದರೂ ಸರಿ, ಉದ್ಧಟತನ ಅಂದರೂ ಸರಿ. ವರದಿಯಲ್ಲಿ ಬೋಧನೆ ತೃಪ್ತಿಕರವಲ್ಲ ಎಂದು ಬಂತು.

ಬಾಯಿಪಾಠದ ಸಂಭಾಷಣೆಯಲ್ಲಿ ಎದುರಿನವರ ಮಾತನ್ನು ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲ. ಅವರು ಬಾಯಿ ಮುಚ್ಚಿದ ಕೂಡಲೇ ನಮ್ಮ ಸಾಲು ಶುರು. ಅಂಥ ಸಾಮಗ್ರಿ ಎಷ್ಟು ಚೆನ್ನಾಗಿ ಕಲಿತರೆ ಅಷ್ಟು ಕಿವುಡಾಗುತ್ತಾರೆ. ಆ ಹುಡುಗಿ ಎಡವಿದ್ದು ಚೆನ್ನಾಗಿ ಓದಿದ್ದಕ್ಕೇ.

ಬ್ಯಾಗು ಕೊಡುವ ನೆಪದಲ್ಲಿ ಅವಳ ಮನೆಗೆ ಹೋದೆ. ಅವಳ ಅಪ್ಪ ರೇಷ್ಮೆ ಸಾಕುತ್ತಾರೆ. ಹುಳುಮನೆಯ ಬಾಗಿಲಲ್ಲಿ ನನ್ನನ್ನು ಅಡ್ಡಗಟ್ಟಿ, ಬ್ಲೀಚಿಂಗ್ ಪೌಡರಿನ ನೀರು ತೋರಿಸಿ, 'ಲೆಗ್ ವಾಶ್, ಮೇಡಂ' ಅಂದಳು, ನಗಾಡಿಕೊಂಡೇ. ನಾನು ಮಂಡ್ಯ ಪೇಟೆಯಲ್ಲೇ ಬೆಳೆದವಳು, ರೇಷ್ಮೆ ಹುಳುವನ್ನು ಹತ್ತಿರದಿಂದ ನೋಡಿದವಳಲ್ಲ. ಇಂಗ್ಲಿಷಿನಲ್ಲೇ ಒಂದೊಂದಾಗಿ ಕೇಳುತ್ತ ಹೋದೆ. 'ಫೋರ್ ಟೈಮ್ ಸ್ಲೀಪ್ ಮೇಡಂ. ಫೋರ್ತ್ ಸ್ಲೀಪ್ ಆಫ್ಟರ್, ಟೂ ಮಚ್ ಹಂಗ್ರಿ. ನೈಟ್ ಆಲ್ಸೋ ಲೀಫ್ ಗಿವಿಂಗ್.' ನಾಲ್ಕನೇ ಜ್ವರ, ಅಂದರೆ ಆ ನಾಲ್ಕನೇ ನಿದ್ದೆ, ಮುಗಿಸಿ ಎದ್ದ ಹುಳುವಿನ ಮೇಲೆ ಸೊಪ್ಪು ಹಾಕಿದರೆ ಮಳೆ ಬಂದಂತೆ ಸದ್ದಾಗುವುದನ್ನು ಕಿವಿಗೆ ಕೈಯಿಟ್ಟು ಕೇಳಿಸಿದಳು. ಹುಳು ಹಣ್ಣಾಗಿದ್ದು ಹೇಗೆ ಗೊತ್ತಾಗುತ್ತದೆ, ಗೂಡು ಕಟ್ಟಲು ಚಂದ್ರಿಕೆಗೆ ಯಾವಾಗ ಬಿಡಬೇಕು, ರಾಮನಗರದ ಮಾರುಕಟ್ಟೆಯಲ್ಲಿ ಹರಾಜು ಹೇಗೆ ನಡೆಯುತ್ತದೆ, ಎಲ್ಲ ಹೇಳಿದಳು. ವ್ಯಾಕರಣ ಚಿಂದಿ. ಆದರೆ ನಾನು ಕೇಳಿದ್ದಕ್ಕೇ ಉತ್ತರ, ಅರ್ಥವಾಗದಿದ್ದರೆ 'ವಾಟ್ ಮೇಡಂ?' ಎಂಬ ಮರುಪ್ರಶ್ನೆ. ಸಾಹೇಬರ ಪ್ರಶ್ನೆಗೆ ಉತ್ತರ ಕೊಡುತ್ತಲೇ ಸಂಜೆಯಾಯಿತು. ಕ್ಲಾಸಿಗೆ ಮಾತ್ರ ಮತ್ತೆ ಬರಲಿಲ್ಲ. ಮದ್ದೂರಿನ ಕಡೆ ಗಾರ್ಮೆಂಟ್ಸಿಗೆ ಸೇರಿಕೊಂಡಳಂತೆ.

ಕೇಳುವವರಿಗೆ ಗೊತ್ತಿಲ್ಲದ್ದನ್ನು ಕೇಳಿ ಮಾತಾಡಿಸುವ ಈ ದಾರಿಯನ್ನು ನಾನೇ ಕಂಡುಹಿಡಿದೆ ಎಂದು ಬೀಗುವುದಿಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಕಡೆಯ ಶಾಲೆಗಳಲ್ಲಿ ಮಾಡಿದ ಪ್ರಯೋಗ ಇಂಗ್ಲಿಷ್ ಕಲಿಸುವವರ ಜಗತ್ತಿನಲ್ಲೆಲ್ಲ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಾಗಿದೆ. ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಮುಂದಿಟ್ಟು, ಒಂದು ಸಮಸ್ಯೆ ಬಿಡಿಸಲು ಹೇಳುವುದು. ಬಿಡಿಸುವ ಗಡಿಬಿಡಿಯಲ್ಲಿ ಭಾಷೆ ತಾನಾಗಿ ಕೂರುತ್ತದೆಂಬ ಲೆಕ್ಕ. ಅವರ ಗುರಿ ಸಂಭಾಷಣೆಗಿಂತ ವ್ಯಾಕರಣವೇ ಆಗಿತ್ತು, ಆದರೂ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿರಬಾರದು ಎಂಬ ಸೂತ್ರ ನನಗೆ ಸಿಕ್ಕಿದ್ದು ಅಲ್ಲಿಂದಲೇ. ದಕ್ಷಿಣದ ರಾಜ್ಯಗಳ ಮೇಷ್ಟರಿಗೆ ಇಂಗ್ಲಿಷ್ ಕಲಿಸುವುದನ್ನು ಹೇಳಿಕೊಡಲೆಂದೇ 1963ರಲ್ಲಿ ಶುರುವಾದ ಒಂದು ಪ್ರಾದೇಶಿಕ ಸಂಸ್ಥೆ ಬೆಂಗಳೂರಿನ ಜ್ಞಾನಭಾರತಿಯಲ್ಲಿದೆ. ಕಿಟ್ಟು ಆರಿಸಿದವರು ಅಲ್ಲೊಂದು ಮಾತು ಕೇಳಬಹುದಿತ್ತು.

ಕಿಟ್ಟು ಬದಿಗಿಟ್ಟು ಮಾಡಿದ ಪಾಠಗಳಲ್ಲಿ, ಮದ್ದೂರಿನಲ್ಲಿ ರೈಲಿನ ವೇಳಾಪಟ್ಟಿ ಚೆನ್ನಾಗಿ ನಡೆಯಿತು, ಅರ್ಧ ಕ್ಲಾಸು ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವರೇ. ಒಬ್ಬರಿಗೆ ರೈಲಿನ ಸಮಯ, ಇನ್ನೊಬ್ಬರಿಗೆ ಶಿಫ್ಟಿನ ಸಮಯ ಕೊಟ್ಟು, ಕೇಳಿ ಹೊಂದಿಸಿಕೊಳ್ಳಿ ಅಂದರೆ ಸಾಕು. ಸ್ಟೇಷನ್ನಿನ ಘೋಷಣೆಯನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಒಂದೇ ವಿಷಯ, ಕಾಸಿಲ್ಲದ ಪಾಠ. ಅಲ್ಲಿನ ಎಳನೀರು ಮಾರುಕಟ್ಟೆಯ ಹುಡುಗ ಮಾತ್ರ, ದಿಲ್ಲಿ ಪಾರ್ಟಿಗಳ ಜೊತೆ ಮಾತಾಡಕ್ಕೆ ಹಿಂದಿ ಹೇಳಿಕೊಡಿ ಮೇಡಂ ಎಂದು ಎದ್ದು ಹೋದ. ಅವನ ಮಾತೂ ನ್ಯಾಯವೇ.

ಅದೇ ವೇಳಾಪಟ್ಟಿ ಮಳವಳ್ಳಿಯಲ್ಲಿ ಮಕಾಡೆ ಮಲಗಿತು. ರೈಲೇ ಇಲ್ಲದ ತಾಲ್ಲೂಕು. ಅಲ್ಲಿ ನಡೆದದ್ದು ಗಗನಚುಕ್ಕಿ ಜಲಪಾತದ ಪಾಠ: ಹೊರರಾಜ್ಯದ ಪ್ರವಾಸಿ ಬಂದು ಭರಚುಕ್ಕಿ ಎಲ್ಲಿ, ಎರಡೂ ಒಂದೇ ದಿನ ಆಗುತ್ತದಾ, ನೀರು ಯಾವ ತಿಂಗಳಲ್ಲಿ ಚೆನ್ನ ಎಂದು ಕೇಳುವುದು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದನ್ನು ಹೇಳುವಾಗ ನಮ್ಮ ವಿದ್ಯಾರ್ಥಿಗಳ ಗತ್ತು ನೋಡಬೇಕು. ಮಂಡ್ಯದ ಎಂಜಿನಿಯರಿಂಗ್ ಹುಡುಗರದು ಬೇರೆಯದೇ ರೋಗ. ಯೂಟ್ಯೂಬಿನಿಂದ ಇಳಿಸಿಕೊಂಡ 'ಐ ಆಮ್ ಎ ಹಾರ್ಡ್ ವರ್ಕರ್' ಎಲ್ಲರ ಬಾಯಲ್ಲೂ ಒಂದೇ ರಾಗ. ಅವರೆದುರು ಆಲೆಮನೆ ನೋಡದವನನ್ನು ಕೂರಿಸಿ, ಬೆಲ್ಲ ಆಗುವುದನ್ನು ಅವನಿಗೆ ಅರ್ಥವಾಗುವವರೆಗೂ ಹೇಳಿ ಅನ್ನುತ್ತೇನೆ. ಅರ್ಥವಾಗದಿದ್ದರೆ ಅವನು ಕೇಳುತ್ತಲೇ ಇರಬೇಕು.

ಪುಸ್ತಕ ಬೇಕೇ ಬೇಕೆನ್ನುವವರು ಒಂದು ಪಾಠ ತೆರೆದು ನೋಡಿ: ಇದರ ಬಗ್ಗೆ ನಿಮ್ಮ ವಿದ್ಯಾರ್ಥಿಗೆ ನಿಮಗಿಂತ ಹೆಚ್ಚು ಗೊತ್ತಿದೆಯೇ? ಹತ್ತರಲ್ಲಿ ಮೂರು ಪಾಠ ಹಾಗಿದ್ದರೂ ಕೊಳ್ಳಿ. ಮಿಕ್ಕ ದುಡ್ಡು ಜೆರಾಕ್ಸಿಗೆ ಇರಲಿ.

ಕೊನೆಯ ಕಂತು ಇನ್ನೂ ಬಂದಿಲ್ಲ. ನಿನ್ನ ನಾಲಗೆಯಿಂದಲೇ ಹೋಯಿತು ಎಂದು ಭಾವ ಈಗಲೂ ಅನ್ನುತ್ತಾರೆ. ವರದಿಗೆ ಉತ್ತರ ಬರೆದು ಕೊಟ್ಟೆ, ಇಂಗ್ಲಿಷ್ ಕ್ಲಾಸಿನ ವಿಷಯವಲ್ಲವೇ ಎಂದು ಇಂಗ್ಲಿಷಿನಲ್ಲೇ. ಕನ್ನಡದಲ್ಲಿ ಸಲ್ಲಿಸಿ ಎಂದು ಷರಾ ಬರೆದು ವಾಪಸು ಕಳಿಸಿದರು. ಕನ್ನಡದಲ್ಲೂ ಬರೆದು ಕೊಟ್ಟು, ಸ್ವೀಕೃತಿ ತಗೊಂಡು ಬಂದಿದ್ದೇನೆ.