ಇಳಿದ ಹಾರ್ಮೋನು ತುಂಬಿದರೆ ವಯಸ್ಸು ಇಳಿಯುತ್ತದೆಯೇ?

ಐವತ್ತು ದಾಟಿದವರು ರಕ್ತಪರೀಕ್ಷೆ ಮಾಡಿಸಿದಾಗ ವರದಿಯಲ್ಲಿ ಯಾವುದೋ ಒಂದು ಹಾರ್ಮೋನು ‘ಕಡಿಮೆ’ ಎಂದು ಬಂದರೆ ಮೊದಲು ಹುಟ್ಟುವ ಪ್ರಶ್ನೆ ಇದು: ‘ಕಡಿಮೆಯಾದದ್ದನ್ನು ತುಂಬಿಸಿಕೊಂಡರೆ ಆಯಿತಲ್ಲವೇ?’ ಪ್ರಶ್ನೆ ನ್ಯಾಯವಾದದ್ದೇ. ಕೆಲವರಿಗೆ ‘ಹೌದು, ತಪ್ಪದೆ ತುಂಬಿಸಿಕೊಳ್ಳಿ’ ಎಂದೇ ಹೇಳಬೇಕಾಗುತ್ತದೆ. ಇನ್ನು ಕೆಲವರಿಗೆ ಅದೇ ಔಷಧಿ ದಂಡದ ಖರ್ಚು, ಒಮ್ಮೊಮ್ಮೆ ಅಪಾಯ. ಈ ಎರಡನ್ನೂ ಬೇರ್ಪಡಿಸಿ ನೋಡಲು ವೈದ್ಯಕೀಯ ಓದಿರಬೇಕಿಲ್ಲ. ಒಂದೊಂದೇ ಹೆಜ್ಜೆ ಇಡೋಣ.

ಹಾರ್ಮೋನು ಎಂದರೇನು?

ದೇಹದ ಕೆಲವು ಗ್ರಂಥಿಗಳು ಅತ್ಯಲ್ಪ ಪ್ರಮಾಣದ ರಾಸಾಯನಿಕಗಳನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಅವು ರಕ್ತದೊಂದಿಗೆ ಸಾಗಿ ದೂರದ ಅಂಗಗಳಿಗೆ ಏನು ಮಾಡಬೇಕೆಂದು ಸೂಚನೆ ಮುಟ್ಟಿಸುತ್ತವೆ. ಇವೇ ಹಾರ್ಮೋನುಗಳು. ಕುತ್ತಿಗೆಯ ಥೈರಾಯ್ಡ್, ಮೂತ್ರಪಿಂಡದ ಮೇಲಿರುವ ಅಡ್ರಿನಲ್, ಹೆಂಗಸರ ಅಂಡಾಶಯ, ಗಂಡಸರ ವೃಷಣ ಇಂಥ ಗ್ರಂಥಿಗಳು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಇವುಗಳ ಮೇಲ್ವಿಚಾರಕ. ರಕ್ತದಲ್ಲಿ ಹಾರ್ಮೋನು ಕಡಿಮೆಯಾದರೆ ಅದು ಗ್ರಂಥಿಯನ್ನು ಎಚ್ಚರಿಸುತ್ತದೆ, ಸಾಕಷ್ಟಾದರೆ ಸುಮ್ಮನಾಗುತ್ತದೆ.

ಮನೆಯ ಸಂಪಿನೊಳಗೆ ತೇಲುವ ಚೆಂಡಿನ ವಾಲ್ವ್ ಇರುತ್ತದಲ್ಲ, ಟ್ಯಾಂಕರ್ ನೀರು ಸುರಿದರೆ ಚೆಂಡು ಮೇಲೆದ್ದು ಕೊಳಾಯಿ ನೀರಿನ ದಾರಿಯನ್ನು ಮುಚ್ಚಿಬಿಡುತ್ತದೆ. ಹೊರಗಿನಿಂದ ಹಾರ್ಮೋನು ಕೊಟ್ಟಾಗಲೂ ಹಲವು ಸಲ ಹೀಗೇ ಆಗುತ್ತದೆ: ದೇಹ ತನ್ನ ತಯಾರಿಕೆಯನ್ನು ತಗ್ಗಿಸುತ್ತದೆ. ಆದ್ದರಿಂದ ‘ಒಳ್ಳೆಯದಾದರೆ ಆಗಲಿ, ಕೆಟ್ಟದ್ದೇನೂ ಆಗದು’ ಎಂದು ನುಂಗುವ ವಸ್ತು ಇದಲ್ಲ.

ಒಬ್ಬರ ಅನುಭವ ಏಕೆ ಸಾಲದು?

1889ರಲ್ಲಿ ಷಾರ್ಲ್ ಬ್ರೌನ್-ಸೆಕಾರ್ ಎಂಬ ಹೆಸರಾಂತ ಶರೀರವಿಜ್ಞಾನಿ ಪ್ಯಾರಿಸ್ಸಿನಲ್ಲಿ ಒಂದು ವಿಷಯ ಪ್ರಕಟಿಸಿದರು. ಆಗ ಅವರಿಗೆ 72 ವರ್ಷ. ನಾಯಿ ಮತ್ತು ಗಿನಿಯಿಲಿಗಳ ವೃಷಣದಿಂದ ತೆಗೆದ ಸಾರವನ್ನು ಚುಚ್ಚಿಕೊಂಡ ಮೇಲೆ ತಮಗೆ ಕಸುವು ಮರಳಿದೆ ಎಂದರು. ಟೆಸ್ಟೋಸ್ಟಿರೋನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಅವರ ಸಾರದಲ್ಲಿ ಕೆಲಸ ಮಾಡುವಷ್ಟು ಹಾರ್ಮೋನು ಇದ್ದಿರಲಾರದು ಎಂದು ಈಗ ನಮಗೆ ತಿಳಿದಿದೆ. ಅವರು ಮೋಸ ಮಾಡಲಿಲ್ಲ, ಅವರ ನಂಬಿಕೆಯೇ ಹುರುಪು ತಂದಿತ್ತು. ಹೀಗಾಗಿಯೇ ಇಂದು ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿಮಾತ್ರೆ ಕೊಟ್ಟು, ಯಾರಿಗೆ ಯಾವುದೆಂದು ತಿಳಿಸದೆ ಹೋಲಿಸುತ್ತಾರೆ. ಮುಂದೆ ಹೇಳುವುದೆಲ್ಲ ಬಹುತೇಕ ಅಂಥ ಪರೀಕ್ಷೆಗಳಿಂದ ಬಂದದ್ದು.

ಹೆಂಗಸರು ಮತ್ತು ಈಸ್ಟ್ರೋಜನ್

ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ರ ಆಸುಪಾಸಿನಲ್ಲಿ. ಆಗ ಈಸ್ಟ್ರೋಜನ್ ಕೆಲವೇ ವರ್ಷಗಳಲ್ಲಿ ತೀವ್ರವಾಗಿ ಇಳಿಯುತ್ತದೆ. ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದು, ನಿದ್ದೆಗೇಡು, ಯೋನಿಯ ಒಣಗುವಿಕೆ, ಮೂಳೆ ಸವೆತ ಇದರ ಫಲ. ಮೈಬಿಸಿಗೆ ಈಸ್ಟ್ರೋಜನ್‌ನಷ್ಟು ಪರಿಣಾಮಕಾರಿಯಾದ ಔಷಧಿ ಬೇರೊಂದಿಲ್ಲ. ಅದು ಮೂಳೆಯನ್ನೂ ಕಾಪಾಡುತ್ತದೆ.

ಆದರೆ 1966ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ವಿಲ್ಸನ್ ಬರೆದ ‘ಫೆಮಿನೈನ್ ಫಾರೆವರ್’ ಎಂಬ ಪುಸ್ತಕ ಇದನ್ನು ಯೌವನದ ಮದ್ದೆಂದು ಸಾರಿತು. ಲಕ್ಷಾಂತರ ಮಂದಿ ನುಂಗಿದರು. ಗರ್ಭಕೋಶವಿರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಅದರ ಒಳಪದರಕ್ಕೆ ಕ್ಯಾನ್ಸರ್ ಬರುವ ಸಂಭವ ಹೆಚ್ಚುತ್ತದೆಂದು 1975ರಲ್ಲಿ ಗೊತ್ತಾಯಿತು. ಅಂದಿನಿಂದ ಅಂಥವರಿಗೆ ಜೊತೆಯಲ್ಲಿ ಪ್ರೊಜೆಸ್ಟೋಜನ್ ಎಂಬ ಇನ್ನೊಂದು ಹಾರ್ಮೋನನ್ನೂ ಕೊಡುವುದು ಕಡ್ಡಾಯವಾಯಿತು.

ಆಮೇಲೆ ಅಮೆರಿಕದಲ್ಲಿ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ದೊಡ್ಡ ಪರೀಕ್ಷೆ ನಡೆಯಿತು. 50ರಿಂದ 79 ವಯಸ್ಸಿನ 16,608 ಹೆಂಗಸರಲ್ಲಿ ಜೋಡಿ ಹಾರ್ಮೋನನ್ನು ಹುಸಿಮಾತ್ರೆಯೊಂದಿಗೆ ಹೋಲಿಸಿ, 2002ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. ‘ಸ್ತನ ಕ್ಯಾನ್ಸರ್ ಶೇ. 26 ಹೆಚ್ಚು’ ಎಂಬ ಸುದ್ದಿ ಜಗತ್ತನ್ನೇ ಹೆದರಿಸಿತು. ಈ ಅಂಕಿಯನ್ನು ನಿಧಾನವಾಗಿ ಓದೋಣ. 10,000 ಹೆಂಗಸರಲ್ಲಿ ಒಂದು ವರ್ಷಕ್ಕೆ ಹುಸಿಮಾತ್ರೆಯವರಲ್ಲಿ 30 ಮಂದಿಗೆ, ಹಾರ್ಮೋನಿನವರಲ್ಲಿ 38 ಮಂದಿಗೆ ಸ್ತನ ಕ್ಯಾನ್ಸರ್ ಬಂತು. ಲಕ್ವ 21ರಿಂದ 29ಕ್ಕೆ ಏರಿತು. ಸೊಂಟದ ಮೂಳೆ ಮುರಿತ 15ರಿಂದ 10ಕ್ಕೆ ಇಳಿಯಿತು. ಅಪಾಯ ನಿಜ, ಆದರೆ ಒಬ್ಬೊಬ್ಬರಿಗೆ ಅದು ಚಿಕ್ಕದು. ಅಲ್ಲದೆ ಆ ಹೆಂಗಸರ ಸರಾಸರಿ ವಯಸ್ಸು 63, ಹೆಚ್ಚಿನವರಿಗೆ ಮುಟ್ಟು ನಿಂತು ಬಹಳ ಕಾಲವಾಗಿತ್ತು. 60ರೊಳಗೆ, ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಆರಂಭಿಸಿದ ಆರೋಗ್ಯವಂತರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು ಎಂಬುದು ಈಗಿನ ತಿಳಿವಳಿಕೆ. ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಹಚ್ಚುವ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಮಾತ್ರೆಗಿಂತ ಕಡಿಮೆ. ಸ್ತನ ಕ್ಯಾನ್ಸರ್, ಲಕ್ವ ಆಗಿದ್ದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು ಇದರಿಂದ ದೂರವಿರಬೇಕು.

ಇಲ್ಲಿ ಒಂದು ಗುಂಪನ್ನು ಮರೆಯಬಾರದು. 40ಕ್ಕೂ ಮೊದಲೇ ಮುಟ್ಟು ನಿಂತವರು ಮತ್ತು ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯ ಕಳೆದುಕೊಂಡ ಚಿಕ್ಕ ವಯಸ್ಸಿನವರು. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ದೂರುಗಳು 2015ರ ಸುಮಾರಿಗೆ ರಾಜ್ಯದ ಗಮನ ಸೆಳೆದಿದ್ದವು. ಹೀಗೆ ಅಂಡಾಶಯವನ್ನೂ ಕಳೆದುಕೊಂಡವರ ಮೂಳೆ, ಹೃದಯಗಳಿಗೆ ಬೇಗ ಹಾನಿಯಾಗುತ್ತದೆ. ಅವರಿಗೆ ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡುವುದು ಯೌವನದ ಆಸೆಗಲ್ಲ, ಅದು ಅವರಿಗೆ ಸಲ್ಲಬೇಕಾದ ಚಿಕಿತ್ಸೆ. ಬಡ ಹೆಂಗಸರಿಗೆ ಇದನ್ನು ಹೇಳುವವರೇ ಇಲ್ಲದಿರುವುದು ದುಃಖದ ಸಂಗತಿ.

ಗಂಡಸರು ಮತ್ತು ಟೆಸ್ಟೋಸ್ಟಿರೋನ್

ಗಂಡಸರಲ್ಲಿ ಇಳಿಕೆ ನಿಧಾನ. ನಲವತ್ತರ ನಂತರ ವರ್ಷಕ್ಕೆ ಸುಮಾರು ಶೇ. 1. ಬೊಜ್ಜು, ಸಕ್ಕರೆ ಕಾಯಿಲೆ ಇದ್ದರೆ ಇನ್ನಷ್ಟು ಇಳಿಯುತ್ತದೆ, ತೂಕ ಇಳಿಸಿದರೆ ಸ್ವಲ್ಪ ಏರುವುದೂ ಉಂಟು. ಪಿಟ್ಯುಟರಿ ಅಥವಾ ವೃಷಣದ ಕಾಯಿಲೆಯಿಂದ ಹಾರ್ಮೋನು ನಿಜವಾಗಿ ಬತ್ತಿದವರಿಗೆ ಇದು ಅಗತ್ಯ ಔಷಧಿ. ಬರೀ ವಯಸ್ಸಾದವರಿಗೆ?

65 ದಾಟಿದ, ಟೆಸ್ಟೋಸ್ಟಿರೋನ್ ಕಡಿಮೆಯಿದ್ದ 790 ಮಂದಿಯ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. ಲೈಂಗಿಕ ಆಸಕ್ತಿ ತಕ್ಕಮಟ್ಟಿಗೆ ಹೆಚ್ಚಿತು, ಆಯಾಸ ನೀಗಿತೆಂದು ಸಿದ್ಧವಾಗಲಿಲ್ಲ. 2023ರಲ್ಲಿ ಪ್ರಕಟವಾದ, ಸುಮಾರು 5,200 ಮಂದಿಯ ‘ಟ್ರಾವರ್ಸ್’ ಪರೀಕ್ಷೆಯಲ್ಲಿ ಹೃದಯಾಘಾತ, ಲಕ್ವ ಹೆಚ್ಚಲಿಲ್ಲವೆಂಬ ಸಮಾಧಾನದ ಜೊತೆಗೇ ಹೃದಯದ ಬಡಿತ ತಾಳ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚು ಕಂಡವು. ಟೆಸ್ಟೋಸ್ಟಿರೋನ್ ಮೂಳೆಯ ಸಾಂದ್ರತೆ ಹೆಚ್ಚಿಸುತ್ತದೆಂದು ಮೊದಲೇ ಗೊತ್ತಿತ್ತು. ಆದರೂ ಈ ಪರೀಕ್ಷೆಯಲ್ಲಿ ಔಷಧಿ ಪಡೆದವರಲ್ಲೇ ಮೂಳೆ ಮುರಿತ ಹೆಚ್ಚಾಯಿತು. ವರದಿಯ ಅಂಕಿ ಸುಧಾರಿಸುವುದೇ ಬೇರೆ, ಮನುಷ್ಯ ಸುಧಾರಿಸುವುದೇ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಬೇಡ. ಮಕ್ಕಳಾಗಬೇಕೆಂದಿರುವ ಗಂಡಸರು ಇನ್ನೊಂದು ಮಾತು ತಿಳಿದಿರಬೇಕು: ಹೊರಗಿನ ಟೆಸ್ಟೋಸ್ಟಿರೋನ್ ವೀರ್ಯಾಣುಗಳ ಉತ್ಪತ್ತಿಯನ್ನೇ ತಗ್ಗಿಸುತ್ತದೆ.

ಬೆಳವಣಿಗೆ ಹಾರ್ಮೋನು, ಡಿಎಚ್‌ಇಎ, ಥೈರಾಯ್ಡ್

1990ರಲ್ಲಿ 60 ದಾಟಿದ 12 ಮಂದಿಗೆ ಆರು ತಿಂಗಳು ಬೆಳವಣಿಗೆ ಹಾರ್ಮೋನು ಚುಚ್ಚಿದಾಗ ಕೊಬ್ಬು ಶೇ. 14ರಷ್ಟು ಕರಗಿತು, ಕೊಬ್ಬಲ್ಲದ ತೂಕ ಶೇ. 9ರ ಹತ್ತಿರ ಏರಿತು. ಈ ಸಣ್ಣ ಅಧ್ಯಯನವನ್ನೇ ಮುಂದಿಟ್ಟುಕೊಂಡು ದೊಡ್ಡ ವ್ಯಾಪಾರ ಬೆಳೆಯಿತು. ಮುಂದಿನ ಅಧ್ಯಯನಗಳಲ್ಲಿ ಆರೋಗ್ಯವಂತ ಹಿರಿಯರ ಶಕ್ತಿ ಹೆಚ್ಚಿದ್ದು ಕಾಣಲಿಲ್ಲ. ಕೈಕಾಲು ಊತ, ಕೀಲುನೋವು, ಮಣಿಕಟ್ಟಿನ ನರ ಒತ್ತಿ ಬೆರಳು ಜೋಮುಹಿಡಿಯುವುದು ಕಂಡವು. ಈ ಹಾರ್ಮೋನು ಇಲ್ಲದಂತೆ ಹುಟ್ಟಿದ ಇಲಿಗಳು ಹೆಚ್ಚು ಕಾಲ ಬದುಕುತ್ತವೆ. ಹುಟ್ಟಿನಿಂದಲೇ ಇದಕ್ಕೆ ದೇಹ ಸ್ಪಂದಿಸದ ಈಕ್ವೆಡಾರಿನ ಕೆಲವು ಕುಟುಂಬಗಳವರಲ್ಲಿ ಕ್ಯಾನ್ಸರ್, ಸಕ್ಕರೆ ಕಾಯಿಲೆ ಬಲು ಅಪರೂಪ. ಹಾಗಾದರೆ ವಯಸ್ಸಾದಾಗ ಇದು ಇಳಿಯುವುದನ್ನೆಲ್ಲ ದೋಷವೆಂದು ಕರೆಯಲು ಬರುವುದಿಲ್ಲ.

ಅಡ್ರಿನಲ್ ಗ್ರಂಥಿಯ ಡಿಎಚ್‌ಇಎ ಅಮೆರಿಕದ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಅಲ್ಲಿರುವ ಮಕ್ಕಳು ಊರಿಗೆ ಬರುವಾಗ ಅಪ್ಪ ಅಮ್ಮನಿಗೆ ಇಂಥದ್ದನ್ನು ತರುವುದುಂಟು. ಮೇಯೊ ಕ್ಲಿನಿಕ್ಕಿನವರು ನಡೆಸಿ 2006ರಲ್ಲಿ ಪ್ರಕಟಿಸಿದ ಎರಡು ವರ್ಷದ ಪರೀಕ್ಷೆಯಲ್ಲಿ ಇದರಿಂದ ಹಿರಿಯರ ಬಲಕ್ಕಾಗಲಿ ಬದುಕಿನ ನೆಮ್ಮದಿಗಾಗಲಿ ಗಮನಾರ್ಹ ಲಾಭ ಕಾಣಲಿಲ್ಲ.

ಥೈರಾಯ್ಡ್ ಕಾಯಿಲೆ ಖಚಿತವಾಗಿರುವವರು ಮಾತ್ರೆಯನ್ನು ಎಂದೂ ತಾವಾಗಿ ನಿಲ್ಲಿಸಬಾರದು. ಆದರೆ 65 ದಾಟಿದವರಲ್ಲಿ, ಥೈರಾಯ್ಡನ್ನು ಎಚ್ಚರಿಸುವ ಪಿಟ್ಯುಟರಿಯ ಹಾರ್ಮೋನಾದ ಟಿಎಸ್‌ಎಚ್ ತುಸು ಏರಿದ್ದ ಮಾತ್ರಕ್ಕೆ ಮಾತ್ರೆ ಕೊಟ್ಟರೆ ಆಯಾಸ ಕಡಿಮೆಯಾಗದು ಎಂದು 2017ರ ಯುರೋಪಿನ ಪರೀಕ್ಷೆ ತೋರಿಸಿದೆ.

ವೈದ್ಯರನ್ನು ಏನು ಕೇಳಬೇಕು?

ನಾಲ್ಕು ಪ್ರಶ್ನೆಗಳು ಸಾಕು. ನನ್ನ ಯಾವ ತೊಂದರೆಗೆ ಈ ಔಷಧಿ? ಹಾರ್ಮೋನು ಇಳಿಯಲು ಕಾರಣ ಕಾಯಿಲೆಯೋ ಬರೀ ವಯಸ್ಸೋ? ನನ್ನಂಥವರಲ್ಲಿ ಇದರಿಂದ ಆ ತೊಂದರೆ ನೀಗಿದ್ದು ಪರೀಕ್ಷೆಯಲ್ಲಿ ಕಂಡಿದೆಯೇ? ಯಾವ ತಪಾಸಣೆ ಎಷ್ಟು ದಿನಕ್ಕೊಮ್ಮೆ, ಯಾವಾಗ ನಿಲ್ಲಿಸುವುದು? ಟೆಸ್ಟೋಸ್ಟಿರೋನ್ ಬೆಳಿಗ್ಗೆ ಹೆಚ್ಚು, ಸಂಜೆ ಕಡಿಮೆ. ಆದ್ದರಿಂದ ಒಂದೇ ಪರೀಕ್ಷೆ ನಂಬದೆ ಎರಡು ಬೇರೆ ದಿನ ಬೆಳಿಗ್ಗೆ ಮಾಡಿಸಿ.

ಹಾರ್ಮೋನು ಚಿಕಿತ್ಸೆ ಕಾಯಿಲೆಗೆ ಅಮೂಲ್ಯ ಮದ್ದು. ವಯಸ್ಸನ್ನು ಹಿಂದಕ್ಕೆ ತಿರುಗಿಸುವ ಹಾರ್ಮೋನು ಈವರೆಗೆ ಯಾವುದೂ ಇಲ್ಲ. ಸ್ನಾಯುವಿಗೆ ಬಲ ಬೇಕಿದ್ದರೆ ಭಾರ ಎತ್ತುವ ವ್ಯಾಯಾಮವಿದೆ. ಎಂಬತ್ತು ತೊಂಬತ್ತು ದಾಟಿದವರಲ್ಲೂ ಅದು ಬಲ ಹೆಚ್ಚಿಸಿದ್ದು ಕಂಡಿದೆ. ಯೌವನ ಮಾರುವವರಿಗೆ ಕೊಡುವ ದುಡ್ಡು ಉಳಿಸಿ. ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಚಿಕ್ಕ ವಯಸ್ಸಿಗೇ ಮುಟ್ಟು ನಿಂತ ಹೆಣ್ಣುಮಗಳಿದ್ದರೆ, ಮೈಬಿಸಿಯಿಂದ ನಿದ್ದೆಗೆಟ್ಟು ಸುಮ್ಮನೆ ಸಹಿಸಿಕೊಂಡಿರುವ ಅಕ್ಕನೋ ಅತ್ತಿಗೆಯೋ ಇದ್ದರೆ, ಈ ವಾರವೇ ಸ್ತ್ರೀರೋಗ ತಜ್ಞರ ಬಳಿ ಕರೆದೊಯ್ಯಿರಿ. ಹಾರ್ಮೋನು ಮೊದಲು ತಲುಪಬೇಕಾದದ್ದು ಅವರಿಗೆ.