ಏಜೆಂಟಿನ ಟೂಲ್ ವಿವರಣೆ ಮತ್ತು ಲಕ್ಷಣದೋಷದ ವಿಚಾರ: ಬೆಂಗಳೂರು ದಂಡು ಹಾಗೂ ಪೂರ್ವಭಾಗದ ಸ್ಥಳನಾಮಗಳ ಹಿನ್ನೆಲೆಯಲ್ಲಿ

ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳು ಇಂದು ಉತ್ತರ ಬರೆಯುವುದಕ್ಕಷ್ಟೇ ಸೀಮಿತವಾಗಿಲ್ಲ. ಬೇರೆ ತಂತ್ರಾಂಶಗಳಿಂದ ಕೆಲಸ ಮಾಡಿಸುವ ‘ಏಜೆಂಟ್’ಗಳಾಗಿಯೂ ಅವು ಬಳಕೆಗೆ ಬಂದಿವೆ. ರೈಲಿನ ವೇಳೆ ನೋಡುವುದು, ಪ್ರಯಾಣದರ ತಿಳಿಸುವುದು, ಟಿಕೆಟ್ ಕಾಯ್ದಿರಿಸುವುದು ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ‘ಟೂಲ್’ ಇರುತ್ತದೆ. 2023ರ ಜೂನ್‌ನಲ್ಲಿ ಓಪನ್‌ಎಐ ಸಂಸ್ಥೆ ತನ್ನ ಮಾದರಿಗಳಿಗೆ ಇಂಥ ಸೌಲಭ್ಯವನ್ನು ಒದಗಿಸಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಸಂಸ್ಥೆ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್, ಟೂಲುಗಳನ್ನು ಏಜೆಂಟಿಗೆ ಪರಿಚಯಿಸುವ ಸಮಾನ ಕ್ರಮವೊಂದನ್ನು ಮುಂದಿಟ್ಟಿತು. ಟೂಲಿನ ಒಳರಚನೆ ಏಜೆಂಟಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಕಾಣುವುದು ಅದರ ಹೆಸರು, ಕೆಲವು ವಾಕ್ಯಗಳ ವಿವರಣೆ ಹಾಗೂ ಅದಕ್ಕೆ ಒದಗಿಸಬೇಕಾದ ಮಾಹಿತಿಯ ಪಟ್ಟಿ ಮಾತ್ರ. ಹತ್ತಾರು ಟೂಲುಗಳಲ್ಲಿ ಯಾವುದನ್ನು ಕರೆಯಬೇಕೆಂಬುದನ್ನು ಏಜೆಂಟ್ ಈ ಬರಹವನ್ನು ಓದಿಯೇ ನಿರ್ಧರಿಸಬೇಕಾಗುತ್ತದೆ. ಆದುದರಿಂದ ಇದು ತಂತ್ರಜ್ಞರ ಸಮಸ್ಯೆಯಾಗಿರುವಷ್ಟೇ ಭಾಷೆಯ ಸಮಸ್ಯೆಯೂ ಆಗಿದೆ.

ಒಂದು ವಸ್ತುವನ್ನು ಇತರ ವಸ್ತುಗಳಿಂದ ಬೇರ್ಪಡಿಸಿ ತೋರಿಸುವ ಮಾತನ್ನು ಭಾರತೀಯ ತಾರ್ಕಿಕರು ‘ಲಕ್ಷಣ’ವೆಂದು ಕರೆದಿದ್ದಾರೆ. ಅದಕ್ಕೆ ಮೂರು ದೋಷಗಳನ್ನೂ ಹೇಳಿದ್ದಾರೆ. ಕೊಂಬುಳ್ಳದ್ದು ಗೋವು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಇದು ಅತಿವ್ಯಾಪ್ತಿ. ಕಪಿಲವರ್ಣದ್ದು ಗೋವು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಸೀಳದ ಗೊರಸುಳ್ಳದ್ದು ಎಂದರೆ ಯಾವ ಗೋವಿಗೂ ಹೊಂದದು, ಇದು ಅಸಂಭವ. ಗಂಗೆದೊಗಲುಳ್ಳದ್ದು ಎಂಬಲ್ಲಿ ಲಕ್ಷಣವು ನಿರ್ದುಷ್ಟವಾಗುತ್ತದೆ. ಟೂಲ್ ವಿವರಣೆಗಳು ಎಡವುವುದೂ ಈ ಮೂರು ಸ್ಥಾನಗಳಲ್ಲಿಯೇ. ಕನ್ನಡ ವಿದ್ವಾಂಸರಿಗೆ ಚಿರಪರಿಚಿತವಾದ ಈ ಪರಿಭಾಷೆ ಹೊಸ ಕ್ಷೇತ್ರದಲ್ಲಿ ಇಷ್ಟು ನೇರವಾಗಿ ಅನ್ವಯವಾಗುವುದು ಗಮನಾರ್ಹ.

ಬೆಂಗಳೂರಿನ ಪೂರ್ವಭಾಗವು ಇದಕ್ಕೆ ಸಮೃದ್ಧವಾದ ಉದಾಹರಣೆಗಳನ್ನು ಒದಗಿಸುತ್ತದೆ. ‘ನಿಲ್ದಾಣದ ಮಾಹಿತಿ ನೀಡುತ್ತದೆ’ ಎಂಬಷ್ಟೇ ವಿವರಣೆಯುಳ್ಳ ಟೂಲೊಂದನ್ನು ಕಲ್ಪಿಸಿಕೊಳ್ಳಬಹುದು. ಕನ್ನಡದಲ್ಲಿ ಬಸ್ಸು, ರೈಲು, ಮೆಟ್ರೊ, ವಿಮಾನ ಇವೆಲ್ಲಕ್ಕೂ ‘ನಿಲ್ದಾಣ’ ಎಂಬ ಒಂದೇ ಪದವಿದೆ. ಪ್ರಯಾಣಿಕರೊಬ್ಬರು ‘ಬೈಯಪ್ಪನಹಳ್ಳಿ ನಿಲ್ದಾಣದಿಂದ ರಾತ್ರಿ ಯಾವ ರೈಲಿದೆ’ ಎಂದು ಕೇಳಿದರೆ ಆ ಮಾತಿಗೆ ಮೂರು ಅರ್ಥಗಳು ಸಾಧ್ಯ: 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆಯವರೆಗಿನ ಮೊದಲ ಸಂಚಾರದೊಂದಿಗೆ ಆರಂಭವಾದ ಮೆಟ್ರೊ ನಿಲ್ದಾಣ. ಹಳೆಯ ರೈಲು ನಿಲ್ದಾಣ. 2022ರ ಜೂನ್ 6ರಿಂದ ರೈಲುಗಳು ಹೊರಡತೊಡಗಿದ, ಜನರು ಬೈಯಪ್ಪನಹಳ್ಳಿ ಟರ್ಮಿನಲ್ ಎಂದೇ ಗುರುತಿಸುವ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ಒಂದನ್ನು ಮತ್ತೊಂದೆಂದು ತಿಳಿದು ಏಜೆಂಟ್ ಉತ್ತರಿಸಿದರೆ ಗಂಟುಮೂಟೆ ಹೊತ್ತ ಕುಟುಂಬಕ್ಕೆ ಊರಿನ ರೈಲು ತಪ್ಪಿಹೋಗುತ್ತದೆ. ಅತಿವ್ಯಾಪ್ತಿಯ ಬೆಲೆ ತರ್ಕಗ್ರಂಥದಲ್ಲಿ ಇಷ್ಟಿರಲಾರದು.

ಅವ್ಯಾಪ್ತಿಯು ಇದಕ್ಕಿಂತ ಸೂಕ್ಷ್ಮವಾದುದು. ಹಲಸೂರಿಗೆ ಅಲಸೂರು, ಅಲ್ಸೂರ್ ಎಂಬ ರೂಪಗಳಿವೆ. ಫ್ರೇಜರ್ ಟೌನಿಗೆ ಪುಲಿಕೇಶಿನಗರವೆಂಬ ಹೆಸರಿದೆ. ಕಂಟೋನ್ಮೆಂಟನ್ನು ಕನ್ನಡಿಗರು ದಂಡು ಎನ್ನುತ್ತಾರೆ. ಆ ಪದವು ಒಮ್ಮೆ ಇಡೀ ಪ್ರದೇಶವನ್ನೂ ಮತ್ತೊಮ್ಮೆ ರೈಲು ನಿಲ್ದಾಣವನ್ನೂ ಸೂಚಿಸುತ್ತದೆ. 1949ರವರೆಗೆ ಪೇಟೆಗೂ ದಂಡಿಗೂ ಬೇರೆ ಬೇರೆ ಪುರಸಭೆಗಳಿದ್ದುದರ ಗುರುತು ಹೆಸರುಗಳಲ್ಲಿ ಇನ್ನೂ ಉಳಿದಿದೆ. ಕೆ.ಆರ್. ಎಂಬ ಸಂಕ್ಷೇಪದ ತೊಡಕಂತೂ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ. ಕೆ.ಆರ್. ಪುರ ಕೃಷ್ಣರಾಜಪುರವಾದರೆ, ಕೆ.ಆರ್. ಮಾರುಕಟ್ಟೆ ಕೃಷ್ಣರಾಜೇಂದ್ರ ಮಾರುಕಟ್ಟೆ, ಕೆ.ಆರ್. ಪೇಟೆ ಮಂಡ್ಯ ಜಿಲ್ಲೆಯಲ್ಲಿಯೂ ಕೆ.ಆರ್. ನಗರ ಮೈಸೂರು ಜಿಲ್ಲೆಯಲ್ಲಿಯೂ ಇವೆ. ಮೆಟ್ರೊ ‘ಕೃಷ್ಣರಾಜಪುರ’ ಎಂದು ಬರೆದರೆ ರೈಲ್ವೆಯ ದಾಖಲೆಯಲ್ಲಿ ಅದು ‘ಕೃಷ್ಣರಾಜಪುರಂ’, ಸಂಕೇತಾಕ್ಷರ ಕೆಜೆಎಂ. ಇಂಗ್ಲಿಷಿನ ಒಂದೇ ರೂಪವನ್ನು ಪಟ್ಟಿಮಾಡಿದ ಟೂಲು ಕನ್ನಡಿಗರ ಪ್ರಶ್ನೆಯನ್ನು ತನ್ನದೆಂದು ಗುರುತಿಸದೆ ಹೋಗುವ ಸಂಭವವಿದೆ.

ಈ ದೋಷಗಳನ್ನು ಪರಿಹರಿಸಿದ ವಿವರಣೆ ಹೀಗಿರಬಹುದು: ‘ನಮ್ಮ ಮೆಟ್ರೊದ ಎರಡು ನಿಲ್ದಾಣಗಳ ನಡುವಣ ಪ್ರಯಾಣದರವನ್ನು ತಿಳಿಸುತ್ತದೆ. ರೈಲ್ವೆ ನಿಲ್ದಾಣ ಹಾಗೂ ಬಿಎಂಟಿಸಿ ಬಸ್ಸುಗಳ ಪ್ರಶ್ನೆಗೆ ಇದನ್ನು ಬಳಸಬಾರದು. ಹೊರಡುವ ಹಾಗೂ ತಲುಪುವ ನಿಲ್ದಾಣಗಳೆರಡೂ ಅಗತ್ಯ. ಹಲಸೂರು, ಅಲಸೂರು, ಅಲ್ಸೂರ್ ಒಂದೇ. ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಸಮೀಪದ ಹೆಸರನ್ನು ಊಹಿಸದೆ ಬಳಕೆದಾರರನ್ನು ಕೇಳಬೇಕು.’ ಇಲ್ಲಿ ಎರಡನೆಯ ವಾಕ್ಯವೇ ಹೆಚ್ಚು ಮುಖ್ಯ. ಲಕ್ಷಣದ ಪ್ರಯೋಜನ ವ್ಯಾವೃತ್ತಿಯಷ್ಟೆ.

ಮಾಹಿತಿಯ ಪಟ್ಟಿಯನ್ನು ಕಾರಕದ ದೃಷ್ಟಿಯಿಂದಲೂ ನೋಡಬಹುದು. ಟೂಲು ಕ್ರಿಯೆಯಾದರೆ ಅದಕ್ಕೆ ಬೇಕಾದ ಮಾಹಿತಿಯ ಅಂಶಗಳು ಕಾರಕಗಳು. ‘ಕೆ.ಆರ್. ಪುರಕ್ಕೆ ಹಲಸೂರಿನಿಂದ’ ಎಂದರೂ ‘ಹಲಸೂರಿನಿಂದ ಕೆ.ಆರ್. ಪುರಕ್ಕೆ’ ಎಂದರೂ ಕನ್ನಡದಲ್ಲಿ ಅರ್ಥ ಕೆಡದು. ವಿಭಕ್ತಿ ಅದನ್ನು ಕಾಯುತ್ತದೆ. ಆದರೆ ಮಾಹಿತಿಯ ಅಂಶಗಳಿಗೆ ‘ಸ್ಥಳ 1’, ‘ಸ್ಥಳ 2’ ಎಂದು ಹೆಸರಿಟ್ಟರೆ ವಿಭಕ್ತಿ ಕೊಟ್ಟ ಆ ಸ್ಪಷ್ಟತೆ ನಷ್ಟವಾಗುತ್ತದೆ. ‘ಹೊರಡುವ ನಿಲ್ದಾಣ’, ‘ತಲುಪುವ ನಿಲ್ದಾಣ’ ಎಂದರೆ ಉಳಿಯುತ್ತದೆ.

ಸೂತ್ರದ ಅಲ್ಪಾಕ್ಷರತ್ವ ಈ ಬರಹದಲ್ಲಿ ಗುಣವಲ್ಲ. ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜನು ಸೂತ್ರದ ಜೊತೆಗೆ ವೃತ್ತಿಯನ್ನೂ ಪ್ರಯೋಗವನ್ನೂ ಕೊಟ್ಟ ಕ್ರಮವೇ ಇದಕ್ಕೆ ಹೆಚ್ಚು ಒಪ್ಪುತ್ತದೆ. ಆದರೆ ವಿಸ್ತಾರಕ್ಕೂ ಮಿತಿಯುಂಟು. ಸಾಮಾನ್ಯವಾಗಿ ಟೂಲುಗಳ ವಿವರಣೆಯೆಲ್ಲವೂ ಪ್ರಶ್ನೆಯೊಂದಿಗೆ ಮಾದರಿಯ ಮುಂದೆ ಬರುವುದರಿಂದ ಉದ್ದವಾದಷ್ಟೂ ವೆಚ್ಚ ಹೆಚ್ಚುತ್ತದೆ. ಕನ್ನಡ ಲಿಪಿಯ ಪಠ್ಯವು ಅನೇಕ ಮಾದರಿಗಳಲ್ಲಿ ಇಂಗ್ಲಿಷಿಗಿಂತ ಹೆಚ್ಚು ತುಣುಕುಗಳಾಗಿ ಒಡೆಯುವುದರಿಂದ ಈ ವೆಚ್ಚ ಇನ್ನೂ ಅಧಿಕ. ಹಾಗಾಗಿ ವಿವರಣೆಯ ಒಡಲು ಇಂಗ್ಲಿಷಿನಲ್ಲಿದ್ದರೂ ಆಕ್ಷೇಪಿಸಬೇಕಾಗಿಲ್ಲ. ಸ್ಥಳನಾಮದ ಕನ್ನಡ ರೂಪಗಳನ್ನೂ ‘ನಿಲ್ದಾಣ’ದಂಥ ಪದದ ಅರ್ಥವ್ಯಾಪ್ತಿಯನ್ನೂ ಬಿಟ್ಟರೆ ಮಾತ್ರ ಅದು ಆಕ್ಷೇಪಾರ್ಹ. ಯಾವ ರೂಪಗಳನ್ನು ಸೇರಿಸಬೇಕೆಂಬುದನ್ನು ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಜನರು ಕೇಳುವ ಮಾತಿನಿಂದ ಸಂಗ್ರಹಿಸಬೇಕೇ ಹೊರತು ನಕ್ಷೆಯ ಇಂಗ್ಲಿಷ್ ಲಿಪ್ಯಂತರದಿಂದಲ್ಲ. ಸ್ಥಳನಾಮಗಳ ಕ್ಷೇತ್ರಕಾರ್ಯದಲ್ಲಿ ಪಳಗಿದ ಕನ್ನಡ ವಿಭಾಗಗಳಿಗೆ ಇದು ಅಪರಿಚಿತವಾದ ಕೆಲಸವೇನಲ್ಲ.