ಮಚ್ಚಿನ ಹಿಡಿ ಸಡಿಲವಾಗಿದೆ

ಸೌದೆ ಸೀಳಲು ಮಚ್ಚು ಬೇಕು. ತೆಂಗಿನ ಗರಿ ಕಡಿಯಲು ಮಚ್ಚು ಬೇಕು. ದಿನಾ ಅದನ್ನು ಹಿಡಿಯೋರು ನಾವೇ. ಹಿಡಿ ಲೊಡಲೊಡ ಅಂದರೂ ಸುಮ್ಮನಿರ್ತೀವಿ. ಬೀಸಿದಾಗ ಅಲಗು ಕಳಚಿ ಹಾರಿದರೆ? ಪಕ್ಕದಲ್ಲೇ ಮಗು ಆಡುತ್ತಿರುತ್ತದೆ.

ಹಿಡಿ ಯಾಕೆ ಸಡಿಲ ಆಗುತ್ತೆ? ಅಲಗಿಗೆ ಒಂದು ಬಾಲ ಇದೆ. ಅದು ಮರದ ಹಿಡಿಯೊಳಗೆ ಕೂತಿರುತ್ತದೆ. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಇರುತ್ತದೆ. ಹಸಿ ಮರದ ಹಿಡಿ ಒಣಗಿದಾಗ ಕುಗ್ಗುತ್ತದೆ. ಬಳೆ ಜಾರುತ್ತದೆ. ಬಾಲ ತುಕ್ಕು ಹಿಡಿದು ಸವೆದಿರಲೂಬಹುದು.

ನಾವು ಏನು ಮಾಡ್ತೀವಿ? ಮಚ್ಚನ್ನು ನೀರಲ್ಲಿ ನೆನೆಸಿಡ್ತೀವಿ. ಮರ ಉಬ್ಬುತ್ತದೆ, ಹಿಡಿ ಬಿಗಿಯಾಗುತ್ತದೆ. ಒಣಗಿದ ಮೇಲೆ ಮತ್ತೆ ಅದೇ ಪಾಡು. ಒಳಗೆ ತುಕ್ಕು ಬೇರೆ!

ಅಲಗಿಗೆ ದಪ್ಪ ಒದ್ದೆ ಬಟ್ಟೆ ಸುತ್ತಿ, ಹಿಡಿ ಕಳಚಿ ನೋಡೋಣ. ಬಾಲ ಮುರಿದಿದ್ದರೆ ಕುಲುಮೆಗೇ ಕೊಡಬೇಕು. ಹಿಡಿ ಸೀಳಿದ್ದರೆ ಹೊಸದು ಹಾಕಿಸಬೇಕು. ಚೆನ್ನಾಗಿ ಒಣಗಿದ ಜಾಲಿ ಮರ ಒಳ್ಳೆಯದು.

ಸೀಳಿಲ್ಲವೇ? ಹಾಗಾದರೆ ಅರಗು ಸಾಕು. ಬಳೆ ಮಾಡ್ತಾರಲ್ಲ, ಅದೇ ಅರಗು. ಬಾಲದ ತುಕ್ಕು ಕೆರೆಯೋಣ. ಒಣಗಿದ ಹಿಡಿಗೆ ಬಳೆ ತೊಡಿಸಿ, ತೂತಿಗೆ ಅರಗಿನ ಪುಡಿ ತುಂಬೋಣ. ಬಾಲವನ್ನು ಮಾತ್ರ ಕೆಂಡದಲ್ಲಿ ಕಾಯಿಸೋಣ. ಕೆಂಪಗಾಗಬಾರದು, ಮರ ಸುಡುತ್ತದೆ. ಅಲಗಿಗೂ ಬಿಸಿ ಏರಬಾರದು, ಹದ ಕೆಡುತ್ತದೆ. ಇಕ್ಕಳದಲ್ಲಿ ಹಿಡಿದು ಬಾಲವನ್ನು ನೆಟ್ಟಗೆ ತೂತಿಗೆ ಒತ್ತೋಣ. ಅರಗು ಕರಗಿ ಉಕ್ಕುತ್ತದೆ. ಕೈಗೆ ಅಂಟಿದರೆ ಬೊಬ್ಬೆ ಖಂಡಿತ, ಮುಟ್ಟಬಾರದು.

ಪೂರ್ತಿ ಆರಲಿ. ಆಮೇಲೆ, ಮಕ್ಕಳನ್ನು ದೂರ ಕಳಿಸಿ, ಬಾಳೆದಿಂಡಿಗೆ ಎರಡು ಏಟು ಹಾಕಿ ನೋಡೋಣ. ಹಿಡಿ ಅಲ್ಲಾಡಲಿಲ್ಲ ಅಂದರೆ ಸೌದೆ ಸೀಳಬಹುದು.